ಕಾರಿನ ಮೇಲೆ ಮನೆಯಲ್ಲೇ ಮಾಡಿದ ಕ್ಯಾರಿಯರ್: ಎಷ್ಟು ಭಾರ, ಎಷ್ಟು ಭದ್ರ, ಯಾವುದು ಬರೀ ನಂಬಿಕೆ?

ಮಧುಗಿರಿ–ಪಾವಗಡ ರಸ್ತೆಯಲ್ಲಿ ಮಿಡಿಗೇಶಿ ಸುತ್ತಮುತ್ತ ಓಡಾಡುವ ಗಾಡಿಗಳ ಟಾಪ್ ನೋಡಿ. ಕಡಲೆಕಾಯಿ ಮೂಟೆ, ರಿಪೇರಿಗೆ ಹೊರಟ ಪಂಪ್ ಮೋಟಾರು, ಮದುವೆ ಮನೆಯ ಪಾತ್ರೆ, ಜಾತ್ರೆಗೆ ಹೊರಟವರ ಹಾಸಿಗೆ, ಹೀಗೆ ಏನಾದರೊಂದು ಇದ್ದೇ ಇರುತ್ತದೆ. ಈಗ ಇದರ ಜೊತೆಗೆ ಟೆಂಟ್, ನೀರಿನ ಕ್ಯಾನ್, ಸ್ಟೌ, ಮಡಚುವ ಕುರ್ಚಿ ಕಟ್ಟಿಕೊಂಡು ಶನಿವಾರ ಬೆಂಗಳೂರಿನಿಂದ ಬೆಟ್ಟಗಳ ಕಡೆ ಬರುವವರೂ ಸೇರಿದ್ದಾರೆ. ಕಂಪನಿ ಕ್ಯಾರಿಯರ್ ದುಬಾರಿ, ವೆಲ್ಡಿಂಗ್ ಶಾಪ್‌ನಲ್ಲಿ ಅದರ ಕಾಲು ಭಾಗಕ್ಕೆ ಆಗುತ್ತದೆ ಎಂಬ ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿವೆ.

ಮನೆಯಲ್ಲೇ, ಅಥವಾ ಊರಿನ ವೆಲ್ಡಿಂಗ್ ಶಾಪ್‌ನಲ್ಲಿ, ಒಳ್ಳೆಯ ಕ್ಯಾರಿಯರ್ ಮಾಡಿಸಬಹುದೇ? ಮಾಡಿಸಬಹುದು. ಆದರೆ ಆ ವಿಡಿಯೊಗಳಲ್ಲಿ ಬಹಳಷ್ಟು ಕಬ್ಬಿಣ ಎಷ್ಟು ದಪ್ಪ ಇರಬೇಕು ಎಂಬುದನ್ನಷ್ಟೇ ಹೇಳುತ್ತವೆ. ಕಾರಿನ ಮೇಲ್ಛಾವಣಿ ಎಷ್ಟು ಹೊರುತ್ತದೆ, ತಿರುವಿನಲ್ಲಿ ಏನಾಗುತ್ತದೆ, ಕಾನೂನು ಏನು ಹೇಳುತ್ತದೆ ಎಂಬುದನ್ನು ಹೇಳುವುದಿಲ್ಲ. ಅಪಾಯ ಇರುವುದು ಅಲ್ಲೇ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುತ್ತಿರುವ ಕಾರಿನ ಮೇಲಿಂದ ಜಾರಿದ ನೀರಿನ ಕ್ಯಾನ್‌ಗೆ, ಸುಮಾರು 14 ಮೀಟರ್ ಎತ್ತರದಿಂದ, ಅಂದರೆ ನಾಲ್ಕು ಮಹಡಿ ಮೇಲಿಂದ, ಬಿದ್ದಷ್ಟು ವೇಗ ಇರುತ್ತದೆ. ಹಿಂದೆ ಬರುತ್ತಿರುವವರು ಬೈಕಿನಲ್ಲಿದ್ದರೆ ಏನಾದೀತು ಎಂದು ಬೇರೆ ಹೇಳಬೇಕಿಲ್ಲ.

ಮೊದಲ ಪ್ರಶ್ನೆ: ನಿಮ್ಮ ಕಾರಿನ ಟಾಪ್ ಎಷ್ಟು ಹೊರುತ್ತದೆ?

ಕಾರಿನ ಮೇಲ್ಛಾವಣಿಯ ತಗಡು ಒಂದು ಮಿಲಿಮೀಟರ್‌ಗಿಂತ ತೆಳು. ಭಾರ ಹೊರುವುದು ಆ ತಗಡಲ್ಲ, ಅದರ ಅಂಚಿನಲ್ಲಿರುವ ಚೌಕಟ್ಟು ಮತ್ತು ಕಂಬಗಳು. ಹಾಗಾಗಿ ಪ್ರತಿ ಕಾರಿಗೂ ಮೇಲೆ ಇಷ್ಟು ಕೆಜಿ ಎಂಬ ಮಿತಿ ಇರುತ್ತದೆ. ಕಾರಿನ ಜೊತೆ ಕೊಟ್ಟ ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಅದನ್ನು ಬರೆದಿರುತ್ತಾರೆ. ಸಾಮಾನ್ಯ ಕಾರುಗಳಲ್ಲಿ ಈ ಮಿತಿ 50ರಿಂದ 75 ಕೆಜಿ ಆಸುಪಾಸಿನಲ್ಲಿರುತ್ತದೆ. ಕೆಲವು ದೊಡ್ಡ ಗಾಡಿಗಳಲ್ಲಿ ಇದಕ್ಕಿಂತ ಹೆಚ್ಚು. ಕೆಲವು ಮಾದರಿಗಳಲ್ಲಿ ಮೇಲೆ ಏನನ್ನೂ ಇಡಬೇಡಿ ಎಂದೇ ಇರುತ್ತದೆ.

ಈ ಅಂಕಿಯ ಬಗ್ಗೆ ಮೂರು ವಿಷಯ ಗೊತ್ತಿರಬೇಕು.

ಒಂದು, ಕ್ಯಾರಿಯರ್‌ನ ತೂಕವೂ ಸಾಮಾನ್ಯವಾಗಿ ಈ ಮಿತಿಯೊಳಗೇ ಸೇರುತ್ತದೆ. ಮಿತಿ 50 ಕೆಜಿ, ಕ್ಯಾರಿಯರ್ 18 ಕೆಜಿ ಇದ್ದರೆ ಸಾಮಾನಿಗೆ ಉಳಿಯುವುದು 32 ಕೆಜಿ ಮಾತ್ರ.

ಎರಡು, ಇದು ಟಾರ್ ರಸ್ತೆಯ ಲೆಕ್ಕ. ಗುಂಡಿಗೆ ಇಳಿದು ಎದ್ದಾಗ ಮೇಲಿನ ಭಾರ ಒಂದು ಕ್ಷಣ ದುಪ್ಪಟ್ಟಾದ ಹಾಗೆ ಕ್ಲಾಂಪ್‌ಗಳನ್ನು ಜಗ್ಗುತ್ತದೆ. ಆದ್ದರಿಂದಲೇ ಆಸ್ಟ್ರೇಲಿಯಾದ ರೈನೋ-ರ‍್ಯಾಕ್‌ನಂತಹ ಕ್ಯಾರಿಯರ್ ಕಂಪನಿ, ಕಚ್ಚಾ ರಸ್ತೆಗೆ ಇಳಿಯುವುದಾದರೆ ಮಿತಿಯನ್ನು 1.5ರಿಂದ ಭಾಗಿಸಿ ಎನ್ನುತ್ತದೆ. ಮೇಲಿನ ಉದಾಹರಣೆಯಲ್ಲಿ 50 ಕೆಜಿ ಹೋಗಿ 33 ಆಗುತ್ತದೆ. ಅದರಲ್ಲಿ ಕ್ಯಾರಿಯರ್ ತೂಕ ಕಳೆದರೆ ಸಾಮಾನಿಗೆ 15 ಕೆಜಿ. ಅಂದರೆ ಎರಡು ಮಲಗುವ ಚೀಲ, ಒಂದು ಟೆಂಟ್, ಒಂದು ಟಾರ್ಪಾಲ್. ಅಷ್ಟೇ.

ಮೂರು, ಓಡುವಾಗಿನ ಭಾರ ಬೇರೆ, ನಿಂತಾಗಿನ ಭಾರ ಬೇರೆ. ಕಾರಿನ ಮೇಲೆ ಬಿಚ್ಚಿಕೊಳ್ಳುವ ಟೆಂಟ್‌ಗಳಲ್ಲಿ ಇಬ್ಬರು ಮಲಗಿದರೂ ಟಾಪ್ ಕುಸಿಯದಿರುವುದು ಇದೇ ಕಾರಣಕ್ಕೆ. ನಿಂತ ಗಾಡಿಗೆ ಬ್ರೇಕ್ ಇಲ್ಲ, ತಿರುವಿಲ್ಲ, ಗುಂಡಿಯಿಲ್ಲ. ಆದರೆ ಅಂತಹ ಟೆಂಟ್ ಒಂದೇ 50–60 ಕೆಜಿ ತೂಗುತ್ತದೆ. ಅದನ್ನು ಅಲ್ಲಿಯವರೆಗೆ ಹೊತ್ತು ಓಡಬೇಕಲ್ಲ! 50 ಕೆಜಿ ಮಿತಿಯ ಕಾರಿಗೆ ಅದು ಹೊಂದುವುದೇ ಇಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಮೇಲೆ ಭಾರ ಇದ್ದರೆ ಗಾಡಿ ಯಾಕೆ ಹೊರಳುತ್ತದೆ?

ಮೇಲೆ ಭಾರ ಇದ್ದರೆ ಗಾಡಿ ರಸ್ತೆಗೆ ಅಂಟಿಕೊಂಡು ಓಡುತ್ತದೆ ಎಂಬ ಮಾತನ್ನು ಕೇಳಿರುತ್ತೀರಿ. ಇದು ತಪ್ಪು. ಭಾರ ಕೆಳಗಿದ್ದರೆ ಗಾಡಿ ನೆಲ ಕಚ್ಚುತ್ತದೆ. ಮೇಲಿದ್ದರೆ ಹೊರಳಲು ನೋಡುತ್ತದೆ. ತಲೆ ಮೇಲೆ ಬಿಂದಿಗೆ ಹೊತ್ತು ಬದುವಿನ ಮೇಲೆ ನಡೆಯುವವರಿಗೂ, ಅದೇ ಬಿಂದಿಗೆಯನ್ನು ಕೈಯಲ್ಲಿ ಕೆಳಗೆ ಹಿಡಿದು ನಡೆಯುವವರಿಗೂ ಇರುವ ವ್ಯತ್ಯಾಸವೇ ಇದು.

ಇದನ್ನು ಅಳೆಯಲು ಎಂಜಿನಿಯರುಗಳು ಬಳಸುವ ಒಂದು ಸರಳ ಲೆಕ್ಕವಿದೆ. ಎಡ-ಬಲ ಚಕ್ರಗಳ ನಡುವಿನ ಅಂತರವನ್ನು, ಗಾಡಿಯ ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಬೇಕು. ಬರುವ ಅಂಕಿ ಹೆಚ್ಚಿದ್ದಷ್ಟೂ ಗಾಡಿ ಸ್ಥಿರ. ಸಾಮಾನ್ಯ ಕಾರುಗಳಲ್ಲಿ ಇದು 1.3ರಿಂದ 1.5, ಎತ್ತರದ ಎಸ್‌ಯುವಿಗಳಲ್ಲಿ 1.0ರಿಂದ 1.3ರವರೆಗೆ ಇರುತ್ತದೆ.

ಒಂದು ಉದಾಹರಣೆ ನೋಡೋಣ. ಜನ ಕೂತ ಮೇಲೆ 1,550 ಕೆಜಿ ತೂಗುವ ಒಂದು ಗಾಡಿ. ಚಕ್ರಗಳ ಅಂತರ 1.5 ಮೀಟರ್, ಗುರುತ್ವ ಕೇಂದ್ರ ನೆಲದಿಂದ 62 ಸೆಂ.ಮೀ. ಎತ್ತರದಲ್ಲಿದೆ. ಆಗ ಅಂಕಿ 1.21. ಇದರ ಮೇಲೆ, ನೆಲದಿಂದ 1.8 ಮೀಟರ್ ಎತ್ತರದಲ್ಲಿ, 75 ಕೆಜಿ ಇಟ್ಟರೆ ಅಂಕಿ 1.11ಕ್ಕೆ ಇಳಿಯುತ್ತದೆ. 150 ಕೆಜಿ ಇಟ್ಟರೆ 1.04ರ ಹತ್ತಿರ ಬರುತ್ತದೆ. ಗಾಡಿಯ ಒಟ್ಟು ತೂಕದಲ್ಲಿ ಹತ್ತರಲ್ಲಿ ಒಂದು ಪಾಲೂ ಇಲ್ಲದ ಭಾರ, ಸ್ಥಿರತೆಯಲ್ಲಿ ಏಳರಲ್ಲಿ ಒಂದು ಪಾಲನ್ನು ತಿಂದುಹಾಕಿತು. ಟೈರು, ಸ್ಪ್ರಿಂಗುಗಳ ಓಲಾಟ ಸೇರಿಸಿದರೆ ನಿಜವಾದ ರಸ್ತೆಯಲ್ಲಿ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. ಬೆಟ್ಟದ ಪಕ್ಕದ ಓರೆ ದಾರಿ, ಕೆರೆ ಏರಿಯ ಅಂಚು, ಹಳ್ಳದ ಇಳಿಜಾರು, ಇವೇ ನಮ್ಮ ಕಡೆ ಹೊರಳುವ ಜಾಗಗಳು.

ರೇಲ್ ಇದೆ ಎಂದ ಮಾತ್ರಕ್ಕೆ ಭಾರ ಹೊರುತ್ತದೆಯೇ?

ಇಲ್ಲ. ಕ್ಯಾರಿಯರ್ ಕೂರಿಸುವ ಮೊದಲು ನಿಮ್ಮ ಕಾರಿನ ಟಾಪ್ ಯಾವ ಬಗೆಯದು ಎಂದು ನೋಡಿಕೊಳ್ಳಿ.

ನೀರು ಹರಿಯುವ ಅಂಚು ಇರುವ ಗಾಡಿ: ಅಂಬಾಸಿಡರ್, ಓಮ್ನಿ, ಗಟ್ಟಿ ಟಾಪ್‌ನ ಜಿಪ್ಸಿಯಂತಹ ಹಳೆಯ ಗಾಡಿಗಳಲ್ಲಿ ಬಾಗಿಲಿನ ಮೇಲೆ ಮಳೆನೀರು ಹರಿದುಹೋಗಲು ತಗಡಿನ ಮಡಿಕೆ ಇರುತ್ತದೆ. ಹಳೆಯ ಟ್ಯಾಕ್ಸಿ ಕ್ಯಾರಿಯರ್‌ಗಳ ಕಾಲು ಕೂರುತ್ತಿದ್ದದ್ದು ಇಲ್ಲೇ. ಅಂಚಿನ ಉದ್ದಕ್ಕೂ ಭಾರ ಹಂಚಿಹೋಗುತ್ತದೆ, ತೂತು ಕೊರೆಯಬೇಕಿಲ್ಲ. ಮನೆಯಲ್ಲಿ ಮಾಡುವವರಿಗೆ ಇದು ಎಲ್ಲಕ್ಕಿಂತ ಸುಲಭ. ತುಕ್ಕು ತಿಂದ ಅಂಚು ಮಾತ್ರ ಭಾರ ಹೊರುವುದಿಲ್ಲ.

ಎತ್ತಿದ ರೇಲ್ ಇರುವ ಗಾಡಿ: ಟಾಪ್‌ನ ಎರಡೂ ಬದಿಗೆ ಉದ್ದಕ್ಕೆ ರೇಲ್, ಅದರ ಕೆಳಗೆ ಬೆರಳು ತೂರುವಷ್ಟು ಸಂದು. ಇದು ಒಳಗಿನ ಚೌಕಟ್ಟಿಗೆ ಬೋಲ್ಟ್ ಆಗಿದ್ದರೆ ಭಾರ ಹೊರುತ್ತದೆ. ಆದರೆ ನಮ್ಮಲ್ಲಿ ಮಾರಾಟವಾಗುವ ಹಲವು ಕಾರುಗಳಲ್ಲಿ ಇದು ಬರೀ ಅಲಂಕಾರ. ಪ್ಲಾಸ್ಟಿಕ್ ರೇಲನ್ನು ಅಂಟಿನಿಂದಲೋ ಕ್ಲಿಪ್‌ನಿಂದಲೋ ಕೂರಿಸಿರುತ್ತಾರೆ. ಮ್ಯಾನ್ಯುಯಲ್‌ನಲ್ಲಿ ರೇಲ್ ಭಾರ ಹೊರುತ್ತದೆ ಎಂದು ಕೆಜಿ ಸಮೇತ ಬರೆದಿದ್ದರೆ ಮಾತ್ರ ನಂಬಿ. ಸರ್ವಿಸ್ ಸೆಂಟರ್‌ನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದು ಸಾಲದು.

ಬೋಳು ಟಾಪ್: ರೇಲೂ ಇಲ್ಲ, ಅಂಚೂ ಇಲ್ಲ. ಇಂಥವಕ್ಕೆ ಬಾಗಿಲಿನ ಚೌಕಟ್ಟನ್ನು ಹಿಡಿಯುವ, ಆಯಾ ಮಾದರಿಗೆಂದೇ ಮಾಡಿದ ಕ್ಲಾಂಪ್ ಬೇಕು. ಟಾಪ್‌ಗೆ ತೂತು ಕೊರೆದು ಬೋಲ್ಟ್ ಹಾಕುವುದಂತೂ ಬೇಡವೇ ಬೇಡ. ತೂತಿನ ಅಂಚಿನಲ್ಲಿ ಬಣ್ಣ ಹೋಗಿ ತುಕ್ಕು ಶುರುವಾಗುತ್ತದೆ, ನೀರು ಒಳಗಿಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಈಗಿನ ಹಲವು ಕಾರುಗಳಲ್ಲಿ ಬದಿಯ ಪರದೆಯಂತಹ ಏರ್‌ಬ್ಯಾಗ್ ಮಡಚಿ ಕೂತಿರುವುದು ಟಾಪ್‌ನ ಅಂಚಿನ ಒಳಗೇ. ಡ್ರಿಲ್ ಅಲ್ಲಿಗೆ ಹೋದರೆ ಜೀವ ಉಳಿಸಬೇಕಾದ ವಸ್ತುವನ್ನೇ ಹಾಳು ಮಾಡಿದಂತೆ. ಟಾಪ್ ಮೇಲೆ ನೇರವಾಗಿ ವೆಲ್ಡಿಂಗ್ ಮಾಡಿಸುವುದು ಇನ್ನೂ ಕೆಟ್ಟದ್ದು. ಒಳಗಿನ ಬಟ್ಟೆ, ಫೋಮ್ ಹೊತ್ತಿಕೊಳ್ಳಬಹುದು, ಎಲೆಕ್ಟ್ರಾನಿಕ್ ಭಾಗಗಳು ಸುಡಬಹುದು.

ಯಾವ ಕಬ್ಬಿಣ? ದಪ್ಪ ರಾಡೋ, ಪೈಪೋ?

ಗಟ್ಟಿ ರಾಡ್ ಹಾಕಿ, ಪೈಪ್ ಬೇಡ ಎಂಬುದು ಇನ್ನೊಂದು ಸಾಮಾನ್ಯ ಸಲಹೆ. ಲೆಕ್ಕ ಇದಕ್ಕೆ ತದ್ವಿರುದ್ಧ ಹೇಳುತ್ತದೆ.

16 ಮಿ.ಮೀ. ದಪ್ಪದ ಗಟ್ಟಿ ರಾಡ್ ಒಂದು ಮೀಟರಿಗೆ ಸುಮಾರು 1.58 ಕೆಜಿ ತೂಗುತ್ತದೆ. 25 ಮಿ.ಮೀ. ಚೌಕದ, 1.6 ಮಿ.ಮೀ. ಗೋಡೆಯ ಟೊಳ್ಳು ಪೈಪ್ ಮೀಟರಿಗೆ ಸುಮಾರು 1.18 ಕೆಜಿ. ತೂಕ ಕಡಿಮೆ ಇದ್ದರೂ ಬಾಗುವಿಕೆಗೆ ಎದುರು ನಿಲ್ಲುವುದರಲ್ಲಿ ಈ ಪೈಪ್ ಆ ರಾಡ್‌ಗಿಂತ ನಾಲ್ಕು ಪಟ್ಟಿಗೂ ಮಿಗಿಲು. 1.1 ಮೀಟರ್ ಉದ್ದದ ಒಂದು ಅಡ್ಡಪಟ್ಟಿಯ ನಟ್ಟನಡುವೆ 40 ಕೆಜಿ ಇಟ್ಟರೆ ಪೈಪ್ ಸುಮಾರು 4 ಮಿ.ಮೀ. ಬಾಗುತ್ತದೆ, ರಾಡ್ ಸುಮಾರು 17 ಮಿ.ಮೀ. ಬಾಗುತ್ತದೆ. ಲೋಹ ನಡುವಿನಿಂದ ದೂರ ಇದ್ದಷ್ಟೂ ಬಾಗುವುದು ಕಷ್ಟ. ಬಿದಿರು ಟೊಳ್ಳಾಗಿದ್ದೂ ಗಟ್ಟಿಯಾಗಿರುವುದು ಇದೇ ಕಾರಣಕ್ಕೆ.

ಬೋಲ್ಟ್ ವಿಷಯದಲ್ಲೂ ಹೀಗೇ. ತಲೆಯ ಮೇಲೆ 8.8 ಎಂದು ಅಚ್ಚಾಗಿರುವ 8 ಮಿ.ಮೀ. ಬೋಲ್ಟ್ ಒಂದೇ ಸುಮಾರು ಎರಡು ಟನ್ ಎಳೆತ ತಡೆಯುತ್ತದೆ. ಕ್ಯಾರಿಯರ್ ಕಿತ್ತುಬರುವುದು ಬೋಲ್ಟ್ ತುಂಡಾಗಿ ಅಲ್ಲ. ನಟ್ ಅಲುಗಾಡಿ ಸಡಿಲವಾಗಿ, ಕ್ಲಾಂಪ್ ಜಾರಿ, ಇಲ್ಲವೇ ವೆಲ್ಡಿಂಗ್ ಪಕ್ಕದಲ್ಲಿ ಬಿರುಕು ಬಿಟ್ಟು. ಹಾಗಾಗಿ ಬೋಲ್ಟ್ ದಪ್ಪಕ್ಕಿಂತ ಒಳಗೆ ನೈಲಾನ್ ಬಳೆ ಇರುವ ಲಾಕ್ ನಟ್, ಅಗಲ ವಾಷರ್ ಮುಖ್ಯ.

ಮಾಡಿಸುವ ಕ್ರಮ

1. ಅಳತೆ. ರೇಲ್‌ಗಳ ಅಥವಾ ಅಂಚುಗಳ ನಡುವಿನ ಅಗಲವನ್ನು ಮುಂದೆ, ಹಿಂದೆ ಎರಡೂ ಕಡೆ ಅಳೆಯಿರಿ. ಬಹಳಷ್ಟು ಕಾರುಗಳಲ್ಲಿ ಇವೆರಡೂ ಒಂದೇ ಇರುವುದಿಲ್ಲ. ಡಿಕ್ಕಿ ಬಾಗಿಲು ಪೂರ್ತಿ ಎತ್ತಿದಾಗ ಕ್ಯಾರಿಯರ್‌ಗೆ ತಾಗಬಾರದು. ಆಂಟೆನಾ ಎಲ್ಲಿದೆ ನೋಡಿ. ಕ್ಯಾರಿಯರ್ ಕಾರಿನ ಅಗಲದಿಂದ ಹೊರಗೆ ಚಾಚಬಾರದು.

2. ಚೌಕಟ್ಟು. ಸಣ್ಣ ಕಾರಿಗೆ 1.2 ಮೀಟರ್ ಉದ್ದ, 1 ಮೀಟರ್ ಅಗಲ ಸಾಕು. ಹೊರ ಚೌಕಟ್ಟಿಗೆ 4.4 ಮೀಟರ್, ಒಳಗೆ ಎರಡು ಅಡ್ಡಪಟ್ಟಿಗೆ 2 ಮೀಟರ್, ಕೆಳಗೆ ಭಾರ ಹೊರುವ ಎರಡು ಅಡ್ಡಪಟ್ಟಿಗೆ 2.2 ಮೀಟರ್, ಒಟ್ಟು 8.6 ಮೀಟರ್ ಚೌಕ ಪೈಪ್. ತೂಕ ಸುಮಾರು 10 ಕೆಜಿ. ಸುತ್ತ 15 ಸೆಂ.ಮೀ. ಎತ್ತರದ ಕಟ್ಟೆಗೆ 12 ಮಿ.ಮೀ. ರಾಡ್ ಬಳಸಿದರೆ 5 ಕೆಜಿ. ಕ್ಲಾಂಪ್, ಬೋಲ್ಟ್ ಸೇರಿ 3 ಕೆಜಿ. ಒಟ್ಟು 18 ಕೆಜಿ. ಪೈಪ್ ತರುವ ಮೊದಲು ನಿಮ್ಮ ಅಳತೆಗೆ ಹೀಗೆ ಲೆಕ್ಕ ಹಾಕಿಕೊಳ್ಳಿ. ಕಟ್ಟೆ ಬೇಡವೆಂದರೆ 5 ಕೆಜಿ ಸಾಮಾನು ಹೆಚ್ಚು ಹೊರಬಹುದು.

3. ಕಾಲುಗಳು. ನಾಲ್ಕು ಕಾಲು, ನಾಲ್ಕೂ ರೇಲ್ ಅಥವಾ ಅಂಚಿನ ಮೇಲೆ. ಟಾಪ್‌ನ ನಡುವಿನ ತಗಡಿಗೆ ಯಾವ ಕಾಲೂ ಊರಬಾರದು. ಮುಂದಿನ ಮತ್ತು ಹಿಂದಿನ ಕಾಲುಗಳ ನಡುವೆ ಕನಿಷ್ಠ 70 ಸೆಂ.ಮೀ. ಅಂತರ ಇರಲಿ. ಕ್ಲಾಂಪ್‌ನ ಕೆಳಪಟ್ಟಿ 4–5 ಮಿ.ಮೀ. ದಪ್ಪದ ಪಟ್ಟಿ ಕಬ್ಬಿಣದ್ದಾಗಿರಲಿ. ಕಬ್ಬಿಣ ಮತ್ತು ರೇಲ್ ನಡುವೆ ರಬ್ಬರ್ ಪ್ಯಾಕಿಂಗ್ ಕೊಡಿ. ಇದು ಗೀರು ತಡೆಯುತ್ತದೆ, ಹಿಡಿತ ಹೆಚ್ಚಿಸುತ್ತದೆ. ರೇಲ್ ಅಲ್ಯೂಮಿನಿಯಂನದ್ದಾದರೆ ಕಬ್ಬಿಣ ನೇರ ತಾಗಿ ಮಳೆನೀರಿನಲ್ಲಿ ಸವೆಯುವುದನ್ನೂ ತಪ್ಪಿಸುತ್ತದೆ.

4. ವೆಲ್ಡಿಂಗ್. ಕ್ಯಾರಿಯರ್ ಅನ್ನು ಕಾರಿನಿಂದ ದೂರ, ನೆಲದ ಮೇಲಿಟ್ಟು ವೆಲ್ಡ್ ಮಾಡಿಸಿ. ಪೈಪ್ ತೆಳುವಾದ್ದರಿಂದ ಹೆಚ್ಚು ಕರೆಂಟ್ ಇಟ್ಟರೆ ತೂತು ಬೀಳುತ್ತದೆ. ಮೊದಲು ನಾಲ್ಕೂ ಮೂಲೆಗೆ ಚುಕ್ಕಿ ವೆಲ್ಡ್ ಹಾಕಿ, ಕರ್ಣಗಳನ್ನು ಅಳೆಯಿರಿ. ಎರಡೂ ಸಮ ಬಂದ ಮೇಲೆ ಪೂರ್ತಿ ಮಾಡಲಿ.

5. ಬಣ್ಣ. ವೆಲ್ಡಿಂಗ್ ಚಕ್ಕೆ ತೆಗೆದು, ಉಜ್ಜಿ, ರೆಡ್ ಆಕ್ಸೈಡ್ ಎರಡು ಕೋಟ್, ಮೇಲೆ ಎನಾಮಲ್ ಬಣ್ಣ. ಪೈಪ್‌ನ ತುದಿಗಳನ್ನು ಮುಚ್ಚಿ. ತುದಿ ತೆರೆದಿದ್ದರೆ ಒಳಗೆ ನೀರು ನಿಂತು ತುಕ್ಕು ಹಿಡಿಯುತ್ತದೆ, ಓಡುವಾಗ ಕೊಳಲಿನಂತೆ ಶಬ್ದವೂ ಬರುತ್ತದೆ.

6. ಪರೀಕ್ಷೆ. ಕೂರಿಸಿದ ಮೇಲೆ ಕ್ಯಾರಿಯರ್ ಹಿಡಿದು ಜೋರಾಗಿ ಅಲುಗಾಡಿಸಿ. ಕ್ಯಾರಿಯರ್ ಅಲುಗದೆ ಇಡೀ ಕಾರು ತೂಗಬೇಕು. ಖಾಲಿ ಕ್ಯಾರಿಯರ್‌ನಲ್ಲಿ ಐದು ಕಿ.ಮೀ. ಓಡಿಸಿ ನಟ್ ನೋಡಿ. ಸಾಮಾನು ಕಟ್ಟಿ ಐವತ್ತು ಕಿ.ಮೀ. ಹೋದ ಮೇಲೆ ಮತ್ತೆ ನೋಡಿ. ಆಮೇಲೆ ಪ್ರತಿ ಪ್ರಯಾಣಕ್ಕೂ ಮೊದಲು. ನಟ್ ಮತ್ತು ಕ್ಲಾಂಪ್ ಎರಡರ ಮೇಲೂ ಹಾದುಹೋಗುವಂತೆ ಬಣ್ಣದ ಒಂದು ಗೆರೆ ಎಳೆದಿಟ್ಟರೆ, ನಟ್ ತಿರುಗಿದೆಯೇ ಎಂದು ನೋಡಿದ ತಕ್ಷಣ ಗೊತ್ತಾಗುತ್ತದೆ.

ವೆಲ್ಡಿಂಗ್ ಹೊಗೆಗೆ ಹಾಲು, ಬೆಲ್ಲ; ಕಣ್ಣಿಗೆ ಆಲೂಗಡ್ಡೆ: ನಿಜವೇ?

ವೆಲ್ಡಿಂಗ್ ಶಾಪ್‌ಗಳಲ್ಲಿ ತಲೆಮಾರುಗಳಿಂದ ನಡೆದುಬಂದ ನಂಬಿಕೆಗಳಿವು. ಹಾಲು ಕುಡಿದರೆ, ಬೆಲ್ಲ ತಿಂದರೆ ಹೊಗೆಯ ವಿಷ ಇಳಿಯುತ್ತದೆ ಎನ್ನುತ್ತಾರೆ. ಹಾಲು ಹೋಗುವುದು ಹೊಟ್ಟೆಗೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ. ದಾರಿಯೇ ಬೇರೆ. ಶ್ವಾಸಕೋಶದ ಆಳಕ್ಕೆ ಇಳಿದ ಲೋಹದ ಸೂಕ್ಷ್ಮ ಕಣಗಳನ್ನು ಹಾಲು ತೊಳೆಯಲಾರದು.

ಜಿಐ ಪೈಪ್ ಬಳಸುವಾಗ ವಿಶೇಷ ಎಚ್ಚರ ಬೇಕು. ಅದರ ಮೇಲಿನ ಸತುವಿನ ಲೇಪ ಸುಟ್ಟಾಗ ಬರುವ ಬಿಳಿ ಹೊಗೆ ಕುಡಿದವರಿಗೆ ಕೆಲವು ಗಂಟೆಗಳ ನಂತರ ಚಳಿ, ಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ ಬರುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುವುದರಿಂದ ಇದನ್ನು ಫ್ಲೂ ಎಂದುಕೊಳ್ಳುವವರೇ ಹೆಚ್ಚು. ಉಸಿರಾಟಕ್ಕೆ ತೊಂದರೆ ಆದರೆ ಆಸ್ಪತ್ರೆಗೆ ಹೋಗಲೇಬೇಕು. ದೀರ್ಘಕಾಲದ ಮಾತು ಇನ್ನೂ ಗಂಭೀರ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಸತುವಿನ ಲೇಪವನ್ನು ಜೋಡಣೆಯ ಜಾಗದಲ್ಲಿ ಉಜ್ಜಿ ತೆಗೆಯುವುದು, ಬಯಲಿನಲ್ಲಿ ಗಾಳಿಗೆ ಬೆನ್ನು ಕೊಡದೆ ಅಡ್ಡಲಾಗಿ ನಿಂತು ಕೆಲಸ ಮಾಡುವುದು, ಸರಿಯಾದ ಮಾಸ್ಕ್ ಹಾಕುವುದು, ಇವು ಕೆಲಸಕ್ಕೆ ಬರುವ ಉಪಾಯಗಳು. ಮುಖಕ್ಕೆ ಸುತ್ತಿಕೊಂಡ ಟವೆಲ್ ಈ ಕಣಗಳನ್ನು ತಡೆಯುವುದಿಲ್ಲ.

ಕಣ್ಣಿನ ಮಾತೂ ಇದೇ. ಬರಿಗಣ್ಣಿನಲ್ಲಿ ಕಿಡಿ ನೋಡಿದವರಿಗೆ ಆರರಿಂದ ಹನ್ನೆರಡು ಗಂಟೆ ಕಳೆದ ಮೇಲೆ, ನಡುರಾತ್ರಿ, ಕಣ್ಣಲ್ಲಿ ಮರಳು ಸುರಿದಂತಹ ಉರಿ ಶುರುವಾಗುತ್ತದೆ. ಅದು ಅತಿನೇರಳೆ ಕಿರಣದಿಂದ ಕಣ್ಣಿನ ಮೇಲ್ಪದರ ಸುಟ್ಟದ್ದು. ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ತಾನೇ ವಾಸಿಯಾಗುತ್ತದೆ. ಆಲೂಗಡ್ಡೆ ಹೋಳು ಇಟ್ಟಾಗ ಸಿಗುವುದು ತಂಪು ಮಾತ್ರ. ಹೊಲದಿಂದ ಬಂದ ಗೆಡ್ಡೆಯ ಮಣ್ಣು ಗಾಯಗೊಂಡ ಕಣ್ಣಿಗೆ ಸೋಂಕು ತರಬಹುದು. ಒದ್ದೆ ಶುಭ್ರ ಬಟ್ಟೆ ಮುಚ್ಚಿದ ರೆಪ್ಪೆಯ ಮೇಲೆ ಸಾಕು. ಬೆಳಿಗ್ಗೆ ಕಣ್ಣಿನ ಡಾಕ್ಟರ್‌ಗೆ ತೋರಿಸಿ. ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತು ನೋಡುವ ಮಕ್ಕಳನ್ನು ದೂರ ಕಳಿಸುವುದನ್ನು ಮರೆಯಬೇಡಿ.

ಕಟ್ಟುವುದು ಹೇಗೆ?

ಕ್ಯಾರಿಯರ್ ಎಷ್ಟೇ ಭದ್ರವಾಗಿದ್ದರೂ ಕಟ್ಟಿದ್ದು ಸರಿಯಿಲ್ಲದಿದ್ದರೆ ಪ್ರಯೋಜನವಿಲ್ಲ. ಜೋರಾಗಿ ಬ್ರೇಕ್ ಹಾಕಿದಾಗ 30 ಕೆಜಿ ಸಾಮಾನು ಸುಮಾರು 24 ಕೆಜಿ ಬಲದಿಂದ ಮುಂದಕ್ಕೆ ನುಗ್ಗುತ್ತದೆ. 50 ಕಿ.ಮೀ. ವೇಗದಲ್ಲಿ ಡಿಕ್ಕಿಯಾಗಿ ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ ಅದೇ 30 ಕೆಜಿ, 400 ಕೆಜಿಗೂ ಹೆಚ್ಚಿನ ಬಲವಾಗುತ್ತದೆ.

- ಸೈಕಲ್ ಟ್ಯೂಬ್, ಕೊಕ್ಕೆ ಇರುವ ಎಲಾಸ್ಟಿಕ್ ಹಗ್ಗ ಹಗುರ ಟಾರ್ಪಾಲ್ ಹಿಡಿಯಲು ಮಾತ್ರ. ಅವು ಹಿಗ್ಗುವ ವಸ್ತುಗಳು, ಭಾರ ನುಗ್ಗಿದಾಗಲೂ ಹಿಗ್ಗುತ್ತವೆ. ನೈಲಾನ್ ಹಗ್ಗವೂ ಹಿಗ್ಗುತ್ತದೆ, ಬಿಸಿಲಿಗೆ ಬಲ ಕಳೆದುಕೊಳ್ಳುತ್ತದೆ. ಬಿಗಿ ಮಾಡುವ ಹಿಡಿ ಇರುವ ಪಾಲಿಯೆಸ್ಟರ್ ಪಟ್ಟಿ ಒಳ್ಳೆಯದು.
- ಭಾರದ ವಸ್ತು ಕಾರಿನ ಒಳಗೆ, ಸೀಟಿನ ಹಿಂದೆ, ಕೆಳಗೆ. 20 ಲೀಟರ್ ನೀರೆಂದರೆ 20 ಕೆಜಿ. ಅದನ್ನು ಮೇಲಿಡಬೇಡಿ. ಮೇಲೆ ಟೆಂಟ್, ಹಾಸಿಗೆ, ಕುರ್ಚಿಯಂತಹ ದಪ್ಪಗಿದ್ದೂ ಹಗುರವಾದವು ಇರಲಿ.
- ಗ್ಯಾಸ್ ಸಿಲಿಂಡರ್, ಪೆಟ್ರೋಲ್, ಡೀಸೆಲ್ ಕ್ಯಾನ್ ಟಾಪ್ ಮೇಲೆ ಬೇಡ. ಪಾವಗಡದ ಬಿಸಿಲಿಗೆ 20 ಡಿಗ್ರಿ ಹೆಚ್ಚು ಕಾದ 20 ಲೀಟರ್ ಪೆಟ್ರೋಲ್ ಸುಮಾರು ನಾನೂರು ಮಿಲಿಲೀಟರ್ ಹಿಗ್ಗುತ್ತದೆ. ಬಾಯಿವರೆಗೆ ತುಂಬಿದ ಕ್ಯಾನ್ ಸೋರದೆ ಇರುವುದಿಲ್ಲ.
- ಪಟ್ಟಿಯ ತುದಿಗಳನ್ನು ಸಿಕ್ಕಿಸಿ. ಪಟ್ಟಿಗೆ ಒಂದು ತಿರುಚು ಕೊಟ್ಟರೆ ಗಾಳಿಗೆ ಗುಂಯ್ ಎನ್ನುವ ಶಬ್ದ ನಿಲ್ಲುತ್ತದೆ.
- ಮೇಲೆ ಜನ ಕೂರುವುದು ಯಾವ ವೇಗದಲ್ಲೂ, ಎಷ್ಟು ಹತ್ತಿರದ ದಾರಿಗೂ ಬೇಡ.

ಗಾಳಿ ಮತ್ತು ಮೈಲೇಜ್

ವೇಗ ದುಪ್ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಮುಂದಿನಿಂದ ಅರ್ಧ ಚದರ ಮೀಟರ್ ಕಾಣುವ ಸಾಮಾನಿನ ರಾಶಿಯನ್ನು ಗಾಳಿ 40 ಕಿ.ಮೀ. ವೇಗದಲ್ಲಿ ಸುಮಾರು 4 ಕೆಜಿ ಬಲದಿಂದ ತಳ್ಳಿದರೆ, 80ರಲ್ಲಿ 15, 100ರಲ್ಲಿ ಸುಮಾರು 24 ಕೆಜಿ ಬಲದಿಂದ ತಳ್ಳುತ್ತದೆ. ಮಿಡಿಗೇಶಿಯಿಂದ ಮಧುಗಿರಿಗೆ ಏನೂ ಆಗದ ಕಟ್ಟು, ಶಿರಾ ದಾಟಿ ರಾಷ್ಟ್ರೀಯ ಹೆದ್ದಾರಿ 48ಕ್ಕೆ ಹತ್ತಿದ ಮೇಲೆ ಬಿಚ್ಚಿಕೊಳ್ಳುವುದು ಇದಕ್ಕೇ. ಸಾಮಾನು ಇದ್ದಾಗ 80 ದಾಟಬೇಡಿ.

ಅಮೆರಿಕದ ಇಂಧನ ಇಲಾಖೆಯ ಪ್ರಕಾರ ಟಾಪ್ ಮೇಲಿನ ದೊಡ್ಡ ಪೆಟ್ಟಿಗೆಯಿಂದ ಮೈಲೇಜ್ ಊರೊಳಗೆ 2ರಿಂದ 8 ಶೇಕಡಾ, ಹೆದ್ದಾರಿಯಲ್ಲಿ 6ರಿಂದ 17 ಶೇಕಡಾ ಕಡಿಮೆಯಾಗುತ್ತದೆ. ಕೆಲಸವಿಲ್ಲದಾಗ ಕ್ಯಾರಿಯರ್ ಬಿಚ್ಚಿಡುವಂತೆ ಮಾಡಿಸಿದರೆ ಹಣವೂ ಉಳಿಯುತ್ತದೆ.

ಸಿಡಿಲು: ಕಬ್ಬಿಣದ ಕ್ಯಾರಿಯರ್ ಅದನ್ನು ಕರೆಯುತ್ತದೆಯೇ?

ಕ್ಯಾರಿಯರ್ ಇದೆ ಎಂದು ಸಿಡಿಲು ಹುಡುಕಿಕೊಂಡು ಬರುವುದಿಲ್ಲ. ಆದರೆ ಬಟಾಬಯಲಿನಲ್ಲಿ ಎತ್ತರದ ವಸ್ತು ನಿಮ್ಮ ಗಾಡಿಯೇ ಆಗಿದ್ದರೆ ಅದಕ್ಕೆ ಬಡಿಯುವ ಸಾಧ್ಯತೆ ಹೆಚ್ಚು. ಟೈರ್ ರಬ್ಬರ್ ಆದ್ದರಿಂದ ಕಾರಿನಲ್ಲಿ ಸುರಕ್ಷಿತ ಎಂಬುದು ತಪ್ಪು ಕಾರಣ. ಮೋಡದಿಂದ ಅಷ್ಟು ದೂರ ಗಾಳಿ ಸೀಳಿ ಬಂದ ಸಿಡಿಲಿಗೆ ಒಂದು ಗೇಣು ರಬ್ಬರ್ ಲೆಕ್ಕಕ್ಕಿಲ್ಲ. ಕಾಪಾಡುವುದು ಸುತ್ತಲಿನ ಲೋಹದ ಕವಚ. ವಿದ್ಯುತ್ ಅದರ ಹೊರಮೈಯಲ್ಲೇ ಹರಿದು ನೆಲಕ್ಕೆ ಇಳಿಯುತ್ತದೆ. ಗಾಜು ಏರಿಸಿ, ಒಳಗಿನ ಲೋಹ ಮುಟ್ಟದೆ ಕೂತರೆ ಸಾಕು. ಟಾಪ್ ಮೇಲಿನ ಬಟ್ಟೆಯ ಟೆಂಟ್‌ಗೆ ಈ ರಕ್ಷಣೆ ಇಲ್ಲ. ಏಪ್ರಿಲ್–ಮೇ ಮತ್ತು ಸೆಪ್ಟೆಂಬರ್–ಅಕ್ಟೋಬರ್ ಗುಡುಗು ಮಳೆಯ ಕಾಲ. ಗುಡುಗು ಕೇಳಿದ ಕೂಡಲೇ ಟೆಂಟ್ ಬಿಟ್ಟು ಕಾರಿನೊಳಗೆ ಬನ್ನಿ. ಹೊಲಗಳ ಮೇಲೆ ತೂಗುಬಿದ್ದ ವಿದ್ಯುತ್ ತಂತಿಯ ಕೆಳಗೆ ಎತ್ತರದ ಕ್ಯಾರಿಯರ್ ಇಟ್ಟುಕೊಂಡು ಹೋಗುವುದು ಸಿಡಿಲಿಗಿಂತ ಹತ್ತಿರದ ಅಪಾಯ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ ಅನುಮತಿಯಿಲ್ಲದ ಬದಲಾವಣೆ ಮಾಡಿಸಿದ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಸಾಮಾನು ಗಾಡಿಯ ಬದಿ, ಮುಂದೆ, ಹಿಂದೆ ಅಥವಾ ಎತ್ತರದಲ್ಲಿ ಮಿತಿ ಮೀರಿ ಚಾಚಿದ್ದರೆ ಕಾಯ್ದೆಯಲ್ಲಿರುವ ದಂಡ 20,000 ರೂಪಾಯಿ.

ಕಾಯಂ ಆಗಿ ವೆಲ್ಡ್ ಮಾಡಿದ, ಕೊರೆದು ಕೂರಿಸಿದ ಕ್ಯಾರಿಯರ್ ಗಾಡಿಯ ರೂಪವನ್ನೇ ಬದಲಾಯಿಸುತ್ತದೆ. ಕ್ಲಾಂಪ್‌ನಿಂದ ಕೂತು, ಬೇಕಾದಾಗ ಬಿಚ್ಚಬಹುದಾದದ್ದು ಅಷ್ಟು ತಕರಾರಿಗೆ ಎಡೆ ಕೊಡುವುದಿಲ್ಲ. ಆದರೂ ಮಾಡಿಸುವ ಮೊದಲು ಮಧುಗಿರಿಯ ಆರ್‌ಟಿಒ ಕಚೇರಿಯಲ್ಲಿ, ಅಥವಾ ನಿಮ್ಮ ಗಾಡಿ ನೋಂದಣಿಯಾದ ಕಚೇರಿಯಲ್ಲಿ ಕೇಳಿ. ಇನ್ಶೂರೆನ್ಸ್ ಕಂಪನಿಗೂ ತಿಳಿಸಿ. ಹೇಳದೆ ಮಾಡಿದ ಬದಲಾವಣೆ ಕ್ಲೇಮ್ ಸಮಯದಲ್ಲಿ ಅಡ್ಡ ಬರಬಹುದು.

ಟೆಂಟ್ ಹಾಕುವ ಜಾಗಕ್ಕೂ ನಿಯಮಗಳಿವೆ. ಮಧುಗಿರಿ ತಾಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಪ್ರದೇಶ ಸುಮಾರು 798 ಎಕರೆಯ ಹುಲ್ಲುಗಾವಲು, 2007ರಿಂದ ಸಂರಕ್ಷಿತ. ಬಯಲು ಚೆನ್ನಾಗಿದೆ ಎಂದು ಅಲ್ಲಿ ಗಾಡಿ ನುಗ್ಗಿಸಿದರೆ ಹುಲ್ಲಿನಲ್ಲಿ ಅಡಗಿದ ಮರಿಗಳು ಚಕ್ರಕ್ಕೆ ಸಿಗುತ್ತವೆ. ಕೋಟೆ, ಅರಣ್ಯ ಪ್ರದೇಶಗಳಲ್ಲಿ ಅನುಮತಿಯಿಲ್ಲದೆ ರಾತ್ರಿ ತಂಗುವಂತಿಲ್ಲ. ಈ ಬೆಟ್ಟಗಳಲ್ಲಿ ಚಿರತೆ, ಕರಡಿ ಇವೆ. ಊರಿನವರ ಜಮೀನಾದರೆ ಒಂದು ಮಾತು ಕೇಳಿ ಇಳಿಯಿರಿ.

ಒಂದು ನೋಟದಲ್ಲಿ: ಯಾವುದು ನಂಬಿಕೆ, ಯಾವುದು ನಿಜ

ನಂಬಿಕೆ: ಕಬ್ಬಿಣ ದಪ್ಪ ಇದ್ದಷ್ಟೂ ಭದ್ರ.
ನಿಜ: ಮಿತಿ ಇರುವುದು ಕಾರಿನ ಟಾಪ್‌ಗೆ. ಕ್ಯಾರಿಯರ್ ಭಾರವಾದಷ್ಟೂ ಸಾಮಾನಿಗೆ ಜಾಗ ಕಡಿಮೆ.

ನಂಬಿಕೆ: ರೇಲ್ ಇದ್ದರೆ ಭಾರ ಹೊರುತ್ತದೆ.
ನಿಜ: ಹಲವು ರೇಲ್‌ಗಳು ಅಲಂಕಾರಕ್ಕೆ ಮಾತ್ರ. ಮ್ಯಾನ್ಯುಯಲ್ ನೋಡಿ.

ನಂಬಿಕೆ: ಮೇಲೆ ಭಾರ ಇದ್ದರೆ ಗಾಡಿ ಹಿಡಿತ ಚೆನ್ನಾಗಿರುತ್ತದೆ.
ನಿಜ: ತಿರುವಿನಲ್ಲಿ, ಓರೆ ದಾರಿಯಲ್ಲಿ ಹೊರಳುವ ಅಪಾಯ ಹೆಚ್ಚುತ್ತದೆ.

ನಂಬಿಕೆ: ವೆಲ್ಡಿಂಗ್ ಹೊಗೆಗೆ ಹಾಲು, ಬೆಲ್ಲ ಮದ್ದು.
ನಿಜ: ಗಾಳಿಯಾಡುವ ಜಾಗ ಮತ್ತು ಸರಿಯಾದ ಮಾಸ್ಕ್ ಮಾತ್ರ ಕಾಪಾಡುತ್ತವೆ.

ನಂಬಿಕೆ: ಟೈರ್‌ನ ರಬ್ಬರ್ ಸಿಡಿಲಿನಿಂದ ಕಾಪಾಡುತ್ತದೆ.
ನಿಜ: ಕಾಪಾಡುವುದು ಕಾರಿನ ಲೋಹದ ಕವಚ. ಟಾಪ್ ಮೇಲಿನ ಟೆಂಟ್ ಸುರಕ್ಷಿತವಲ್ಲ.

ಕ್ಯಾರಿಯರ್ ಮಾಡುವ ವಿಡಿಯೊ ನಿಮಗೆ ಬಂದರೆ ಅದರಲ್ಲಿ ಮೂರು ಅಂಕಿ ಹುಡುಕಿ: ಕಾರಿನ ಟಾಪ್‌ನ ಮಿತಿ ಎಷ್ಟು ಕೆಜಿ, ಕ್ಯಾರಿಯರ್‌ನ ತೂಕ ಎಷ್ಟು, ಕಚ್ಚಾ ರಸ್ತೆಗೆ ಉಳಿಯುವುದು ಎಷ್ಟು. ಈ ಮೂರೂ ಇಲ್ಲದ ವಿಡಿಯೊವನ್ನು ಮುಂದಕ್ಕೆ ಕಳಿಸುವ ಮೊದಲು, ಅದನ್ನು ನೋಡಿ ಮಾಡಿಸಿದವರ ಗಾಡಿಯ ಹಿಂದೆ ನಿಮ್ಮ ಮನೆಯವರೇ ಬೈಕಿನಲ್ಲಿ ಬರುತ್ತಿರಬಹುದು ಎಂಬುದು ನೆನಪಿರಲಿ.